ಕರೇಜಿಗೆ ಇಳಿಯುವ ಮುನ್ನ: ಮೊದಲ ಸಲ ರೋಲ್‌ಪ್ಲೇಯಿಂಗ್ ಆಟಕ್ಕೆ ಕೂರುವವರಿಗೆ

ದೊಡ್ಡಾಟ ನೋಡಿದವರಿಗೆ ಈ ಆಟವನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದು. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ತಾವು ಯಾರು, ಬಂದ ಕಾರಣವೇನು ಎಂದು ಕೇಳುತ್ತಾನಲ್ಲ, ಇಲ್ಲೂ ಹಾಗೆಯೇ. ಕೇಳುವವರು ಒಬ್ಬರು, ಉಳಿದ ಮೂರ್ನಾಲ್ಕು ಜನ ಪಾತ್ರಧಾರಿಗಳು. ಆದರೆ ಇಲ್ಲಿ ಯಾರ ಕೈಯಲ್ಲೂ ಬರೆದಿಟ್ಟ ಮಾತು ಇರುವುದಿಲ್ಲ. ಪಾತ್ರ ಹೊರಟ ಕೆಲಸ ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಾಗ ದಾಳ ತೀರ್ಮಾನ ಹೇಳುತ್ತದೆ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಿಗೆಲ್ಲ ಮೂಲ. ಕೇಳುವವರನ್ನು ಅದರಲ್ಲಿ ಡಂಜನ್ ಮಾಸ್ಟರ್ ಎನ್ನುತ್ತಾರೆ, ಆಡುವವರ ಬಾಯಲ್ಲಿ ಅದು ಡಿಎಂ. ನಾವು ಇಲ್ಲಿ ಸಾರಥಿ ಎಂದೇ ಕರೆಯೋಣ, ಕೆಲಸ ಅದೇ ಆದದ್ದರಿಂದ.

ಹೊಸಬರ ಗುಂಪು ಸಾಮಾನ್ಯವಾಗಿ ಮುರಿದು ಬೀಳುವುದು ಆಟದ ನಡುವೆ ಅಲ್ಲ, ಆಟಕ್ಕೆ ಮೊದಲೇ. ಒಬ್ಬರು ನಾನೂರು ಪುಟದ ನಿಯಮ ಓದಲು ಕೂರುತ್ತಾರೆ, ಇನ್ನೊಬ್ಬರು ಆರು ತಿಂಗಳ ಕಥೆ ಹೆಣೆಯುತ್ತಾರೆ, ಕೂಡುವ ಭಾನುವಾರ ಮಾತ್ರ ಬರುವುದೇ ಇಲ್ಲ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಒಂದೇ ಸಂಜೆಗೆ, ಮೂರು ಗಂಟೆಗೆ, ಕರೇಜ್ ಎಂಬ ಒಂದೇ ನೀರಿನ ಸುರಂಗಕ್ಕೆ ಸಾಕಾಗುವಷ್ಟು.

ಯಾವ ನಿಯಮ, ಎಷ್ಟು ಓದಬೇಕು

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ 2014ರಲ್ಲಿ ಬಂತು. ಅದರ ಮೂಲ ನಿಯಮಗಳ ಸಂಗ್ರಹವಾದ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟರು. ಎಲ್ಲರೂ ಅದನ್ನು ಎಸ್‌ಆರ್‌ಡಿ ಎನ್ನುತ್ತಾರೆ. ಪಿಡಿಎಫ್ ಉಚಿತ. ಮೂಲವನ್ನು ಹೆಸರಿಸಿದರೆ ಸಾಕು, ಅದನ್ನು ಕನ್ನಡಕ್ಕೆ ತಂದು ಯಾರಿಗೆ ಬೇಕಾದರೂ ಹಂಚಬಹುದು. 2024ರಲ್ಲಿ ನಿಯಮಗಳನ್ನು ಪರಿಷ್ಕರಿಸಿದರು, ಅದಕ್ಕೆ ಹೊಂದುವ 5.2 ಸಂಗ್ರಹ 2025ರಲ್ಲಿ ಬಂತು. ಎರಡರಲ್ಲಿ ಯಾವುದಾದರೂ ಸರಿ, ಬೆರೆಸುವುದು ಮಾತ್ರ ಬೇಡ. ಒಬ್ಬರು ಹಳೆಯದನ್ನು, ಇನ್ನೊಬ್ಬರು ಹೊಸದನ್ನು ಡೌನ್‌ಲೋಡ್ ಮಾಡಿಕೊಂಡು ಬಂದರೆ ಮದ್ದಿನ ಶೀಶೆ ಕುಡಿಯುವ ಹೊತ್ತಿಗೇ ಜಗಳ ಶುರು: ಹಳೆಯದರಲ್ಲಿ ಅದಕ್ಕೆ ಆ್ಯಕ್ಷನ್, ಅಂದರೆ ನಿಮ್ಮ ಸರದಿಯ ಮುಖ್ಯ ಕೆಲಸವೇ ಖರ್ಚಾಗುತ್ತದೆ, ಹೊಸದರಲ್ಲಿ ಬೋನಸ್ ಆ್ಯಕ್ಷನ್, ಅಂದರೆ ಅದರ ಜೊತೆಗೆ ಮಾಡುವ ಚಿಕ್ಕ ಕೆಲಸ ಸಾಕು. ಈ ಲೇಖನದ ಲೆಕ್ಕವೆಲ್ಲ ಹಳೆಯದರದು, ಅಂದರೆ 2014ರ ನಿಯಮಗಳದು.

ಅದರಲ್ಲಿ ಓದಬೇಕಾದದ್ದು ಮೂರು ಭಾಗ: ಸಾಮರ್ಥ್ಯದ ಅಂಕಗಳನ್ನು ಬಳಸುವ ಬಗೆ, ಕಾಳಗ, ಮತ್ತು ನೀವು ಆಡುವ ನಾಲ್ಕು ವರ್ಗಗಳ, ಅಂದರೆ ಪಾತ್ರದ ಕಸುಬುಗಳ, ಮೊದಲ ಹಂತ. ಮಾಂತ್ರಿಕ ವಸ್ತುಗಳ ಪಟ್ಟಿ, ರಾಕ್ಷಸರ ಪಟ್ಟಿ ಈಗ ಬೇಡ. ಓದುವ ಹೊಣೆ ಸಾರಥಿಯದು. ಉಳಿದವರಿಗೆ ಕನ್ನಡದಲ್ಲಿ ಕೈಯಿಂದ ಬರೆದ ಒಂದು ಪುಟ ಕೊಟ್ಟರೆ ಸಾಕು.

ಆ ಪುಟ ಬರೆಯುವಾಗ ಪದಗಳ ಬಗ್ಗೆ ಎಚ್ಚರ ಬೇಕು. ಪಾತ್ರ ಎಷ್ಟು ಪೆಟ್ಟು ತಾಳುತ್ತದೆ ಎನ್ನುವ ಹಿಟ್ ಪಾಯಿಂಟ್, ಅದಕ್ಕೆ ಹೊಡೆತ ತಾಗಲು ಎಷ್ಟು ಬರಬೇಕು ಎನ್ನುವ ಆರ್ಮರ್ ಕ್ಲಾಸ್ ಇವುಗಳನ್ನು ಅನುವಾದಿಸಲು ಹೋಗಬೇಡಿ, ಎಚ್‌ಪಿ, ಎಸಿ ಎಂದೇ ಇರಲಿ. ಆರು ಸಾಮರ್ಥ್ಯಗಳಿಗೆ ಮಾತ್ರ ಕನ್ನಡ ಚೆನ್ನಾಗಿ ಕೂರುತ್ತದೆ: ಬಲ, ಚಳಕ, ತಾಳಿಕೆ, ಬುದ್ಧಿ, ಎಚ್ಚರ, ವರ್ಚಸ್ಸು. ಐದನೆಯದು ಇಂಗ್ಲಿಷಿನ ವಿಸ್ಡಮ್. ಅದಕ್ಕೆ ಜ್ಞಾನ ಎಂದು ಬರೆದರೆ ಬುದ್ಧಿಯ ಜೊತೆ ಕಲಸಿಹೋಗುತ್ತದೆ, ಆಡುವವರು ಪ್ರತಿ ಸಲ ಯಾವುದು ಯಾವುದೆಂದು ಕೇಳುತ್ತಾರೆ. ಆಟದಲ್ಲಿ ಅದು ಮಾಡುವ ಕೆಲಸ ಸಪ್ಪಳ ಕೇಳಿಸಿಕೊಳ್ಳುವುದು, ಎದುರಿನವರ ಸುಳ್ಳು ಹಿಡಿಯುವುದು, ಮಾಟಕ್ಕೆ ಮನಸ್ಸು ಜಗ್ಗದಿರುವುದು. ಎಚ್ಚರ ಎಂದರೆ ಯಾರೂ ಮತ್ತೆ ಕೇಳುವುದಿಲ್ಲ.

ದಾಳ, ಫರ್ಸಿ, ನಾಣ್ಯ

ಏಳು ದಾಳಗಳ ಒಂದು ಸೆಟ್ ಬೇಕು: 4, 6, 8, 10, 12, 20 ಮುಖದವು ಒಂದೊಂದು, ಜೊತೆಗೆ 00ರಿಂದ 90ರವರೆಗೆ ಹತ್ತರ ಲೆಕ್ಕದಲ್ಲಿ ಬರೆದ ಇನ್ನೊಂದು ಹತ್ತು ಮುಖದ ದಾಳ. ನಮ್ಮ ಕಡೆಯ ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೆ ಲುಡೋದ ಆರು ಮುಖದ ದಾಳವನ್ನೇ ತೆಗೆದು ತೋರಿಸುತ್ತಾರೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಐದು ಜನಕ್ಕೆ ಎರಡು ಸೆಟ್ ಇದ್ದರೆ ಕೈಯಿಂದ ಕೈಗೆ ದಾಟಿಸುವ ಹೊತ್ತು ಉಳಿಯುತ್ತದೆ. ಹೊಸಬರು ಹನ್ನೆರಡು ಮುಖದ್ದನ್ನು ಇಪ್ಪತ್ತು ಮುಖದ್ದೆಂದು ಎತ್ತಿ ಹಾಕಿ, ಏನು ಮಾಡಿದರೂ ಗೆಲ್ಲುತ್ತಿಲ್ಲ ಎಂದು ಗೊಣಗುವುದು ಮಾಮೂಲು. ಇಪ್ಪತ್ತು ಮುಖದ್ದರ ಪ್ರತಿ ಮುಖವೂ ತ್ರಿಕೋನ, ಹನ್ನೆರಡರದ್ದು ಪಂಚಕೋನ. ಮೊದಲು ಅದನ್ನೇ ತೋರಿಸಿ.

ದಾಳ ಬರುವವರೆಗೆ ಕಾಯಬೇಕಿಲ್ಲ. 1ರಿಂದ 10ರವರೆಗೆ ಬರೆದ ಹತ್ತು ಚೀಟಿಗಳನ್ನು ಒಂದೇ ಅಳತೆಗೆ ಮಡಚಿ ಸ್ಟೀಲ್ ಡಬ್ಬಿಗೆ ಹಾಕಿ, ಜೊತೆಗೆ ಒಂದು ನಾಣ್ಯ ಇಟ್ಟುಕೊಳ್ಳಿ. ನಾಣ್ಯದಲ್ಲಿ ಸಿಂಹ ಬಿದ್ದರೆ ಚೀಟಿಯ ಅಂಕೆಗೆ ಹತ್ತು ಕೂಡಿಸಿ, ಅಂಕೆಯ ಮುಖ ಬಿದ್ದರೆ ಇದ್ದಷ್ಟೇ. ಇದು ಇಪ್ಪತ್ತು ಮುಖದ ದಾಳಕ್ಕೆ ಸರಿಸಮ. ತೆಗೆದ ಚೀಟಿಯನ್ನು ಪ್ರತಿ ಸಲ ಮರಳಿ ಡಬ್ಬಿಗೆ ಹಾಕಬೇಕು. ಹೊರಗೇ ಬಿಟ್ಟರೆ ಉಳಿದ ಅಂಕೆಗಳ ಸಂಭವ ಏರುತ್ತಾ ಹೋಗುತ್ತದೆ.

ಮನೆಯಲ್ಲಿ ಚೌಕಾಬಾರದ ಕವಡೆ ಇವೆಯಲ್ಲ, ಅವೇ ಸಾಲವೇ ಎಂದು ಕೇಳುವವರಿದ್ದಾರೆ. ಸಾಲುವುದಿಲ್ಲ. ನಾಲ್ಕು ಕವಡೆ ಹಾಕಿದರೆ ಎರಡು ಅಂಗಾತ ಎರಡು ಬೋರಲು ಬೀಳುವುದು ಹೆಚ್ಚು, ನಾಲ್ಕೂ ಒಂದೇ ಬಗೆ ಬೀಳುವುದು ಅಪರೂಪ. ಇಪ್ಪತ್ತು ಮುಖದ ದಾಳದಲ್ಲಿ ಎಲ್ಲ ಅಂಕೆಗೂ ಸಮಪಾಲು, ನಿಯಮಗಳೆಲ್ಲ ಅದನ್ನೇ ನಂಬಿ ನಿಂತಿವೆ. ಲುಡೋ ದಾಳ ಮೂರು ಹಾಕಿ ಕೂಡಿಸಿದರೂ ಇದೇ ತೊಂದರೆ. ಇಪ್ಪತ್ತು ಮುಖದ್ದರಲ್ಲಿ 16 ಅಥವಾ ಹೆಚ್ಚು ಬೀಳುವುದು ನಾಲ್ಕರಲ್ಲಿ ಒಂದು ಸಲ, ಮೂರು ಲುಡೋ ದಾಳದಲ್ಲಿ 216ರಲ್ಲಿ 10 ಸಲ. ಕಷ್ಟದ ಕೆಲಸ ಅಸಾಧ್ಯವಾಗಿಬಿಡುತ್ತದೆ.

ಇನ್ನು ನಕ್ಷೆ. ಬೇರೆ ಊರಿನವರು ಚೌಕುಳಿ ಮ್ಯಾಟ್ ಕೊಳ್ಳುತ್ತಾರೆ, ಕಲಬುರಗಿ ಜಿಲ್ಲೆಯವರಿಗೆ ಅದು ಕಾಲಡಿಯಲ್ಲೇ ಇದೆ. ನೆಲಕ್ಕೆ ಹಾಸಿದ ಶಹಾಬಾದ್ ಫರ್ಸಿಯ ಮೇಲೆ ಸೀಮೆಸುಣ್ಣ ಚೆನ್ನಾಗಿ ಹತ್ತುತ್ತದೆ, ಒದ್ದೆ ಬಟ್ಟೆಗೆ ಹೋಗುತ್ತದೆ. ಒಂದು ಇಂಚಿನ ಚೌಕಗಳನ್ನು ಎಳೆಯಿರಿ. ಒಂದು ಚೌಕ ಎಂದರೆ ಆಟದಲ್ಲಿ ಐದು ಅಡಿ. ಎರಡಡಿ ಉದ್ದ ಎರಡಡಿ ಅಗಲದ ಒಂದು ಫರ್ಸಿಯಲ್ಲಿ 24 ಚೌಕ ಉದ್ದ, 24 ಅಗಲ, ಅಂದರೆ 120 ಅಡಿಯ ಜಾಗ ಸಿಕ್ಕಿತು. ಎರಡು ಫರ್ಸಿ ಹಿಡಿದರೆ ಮೊದಲ ಆಟ ಮುಗಿಯುತ್ತದೆ. ಪಾಲಿಶ್ ಮಾಡಿದ ಫರ್ಸಿಯಾದರೆ ಸೀಮೆಸುಣ್ಣ ಜಾರುತ್ತದೆ, ಅಲ್ಲಿ ಗ್ರಾಫ್ ಹಾಳೆಯೇ ಗತಿ.

ಪಾತ್ರ ನಿಲ್ಲಿಸಲು ಕಾಗದದ ಚೂರು ಬೇಡ, ಫ್ಯಾನ್ ಹಾಕಿದ ಕೂಡಲೇ ಸೈನ್ಯವೇ ಹಾರಿಹೋಗುತ್ತದೆ. ತೊಗರಿ ಕಾಳು ಉರುಳುತ್ತದೆ. ನಾಣ್ಯವೇ ಸರಿ: ಈಗಿನ 1 ಮತ್ತು 5 ರೂಪಾಯಿ ನಾಣ್ಯಗಳು ಒಂದಿಂಚಿನ ಚೌಕದೊಳಗೆ ಕೂರುತ್ತವೆ. 10 ರೂಪಾಯಿಯದು 27 ಮಿಲಿಮೀಟರ್, ಗೆರೆಯಿಂದ ಸ್ವಲ್ಪ ಹೊರಗೆ ಚಾಚುತ್ತದೆ. ಅಂಗಡಿಯವರು ಒಲ್ಲೆ ಎಂದು ಮರಳಿಸಿದ ಅಂಥ ನಾಣ್ಯ ಎಲ್ಲರ ಮನೆಯಲ್ಲೂ ಒಂದೆರಡು ಇರುತ್ತವೆ, ಅವನ್ನು ವೈರಿಗಳ ಮುಖಂಡನಿಗೆ ಇಡಿ. ನಾಣ್ಯದ ಮೇಲೆ ಸ್ಟಿಕರ್ ಅಂಟಿಸಿ ಹೆಸರಿನ ಮೊದಲ ಅಕ್ಷರ ಬರೆಯಿರಿ.

ದಾಳವನ್ನು ಮಾತ್ರ ಬರಿ ಫರ್ಸಿಯ ಮೇಲೆ ಎಸೆಯಬೇಡಿ, ಪುಟಿದು ಮಂಚದ ಕೆಳಗೆ ಹೋಗುತ್ತದೆ, ಮೂಲೆಯೂ ಮುಕ್ಕಾಗುತ್ತದೆ. ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಟವೆಲ್ ಹಾಸಿ ಅದರೊಳಗೆ ಹಾಕಿ. ಪರಾತದ ಹೊರಗೆ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ತಕರಾರು ಕಡಿಮೆ.

ಇನ್ನೊಂದು ಮಾತು. ದಾಳ ಎಂದ ಕೂಡಲೇ ಮನೆಯ ಹಿರಿಯರಿಗೆ ಶಕುನಿ ನೆನಪಾಗುತ್ತಾನೆ. ಇದರಲ್ಲಿ ಪಣ ಇಲ್ಲ, ದುಡ್ಡಿಲ್ಲ, ಒಬ್ಬರು ಸೋತು ಇನ್ನೊಬ್ಬರು ಗೆಲ್ಲುವುದೂ ಇಲ್ಲ ಎಂದು ಮೊದಲೇ ತಿಳಿಸಿ. ಹತ್ತು ನಿಮಿಷ ಜೊತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು, ಸುರಂಗದಲ್ಲಿ ಯಾವ ಕಡೆ ಹೋಗಬೇಕೆಂದು ಅವರೇ ಹೇಳಲು ಶುರು ಮಾಡುತ್ತಾರೆ.

ಆಟಕ್ಕೆ ಮೊದಲ ಮಾತುಕತೆ

ಇದಕ್ಕೆ ಸೆಷನ್ ಝೀರೋ ಎಂಬ ದೊಡ್ಡ ಹೆಸರಿದೆ, ಚಹಾ ಕುಡಿಯುತ್ತಾ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಯಾವ ವಾರ, ಎಷ್ಟು ಗಂಟೆ, ಯಾರ ಮನೆ, ಒಬ್ಬರು ಬರದಿದ್ದರೆ ಆಡುವುದೋ ಬಿಡುವುದೋ. ಬೇಸಿಗೆಯಲ್ಲಿ ನಮ್ಮಲ್ಲಿ ಮಧ್ಯಾಹ್ನ ಕೂರುವುದು ಆಗದ ಮಾತು, ಸಂಜೆ ಆರೂವರೆಯಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ಕರೆಂಟು ಹೋದರೂ ಆಟ ನಿಲ್ಲದಂತೆ ಪಾತ್ರದ ವಿವರ ಮೊಬೈಲ್‌ನಲ್ಲಲ್ಲ, ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಇರಲಿ. ಪೆನ್ ಬೇಡ, ಎಚ್‌ಪಿ ನಿಮಿಷಕ್ಕೊಮ್ಮೆ ಬದಲಾಗುತ್ತದೆ.

ಆಟದಲ್ಲಿ ಏನು ಬೇಡ ಎಂಬುದನ್ನೂ ಆಗಲೇ ಹೇಳಿಕೊಳ್ಳಿ. ಜಾತಿ ನಿಂದನೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಮಕ್ಕಳಿಗೆ ನೋವು ಇಂಥವು ಬೇಡವೆಂದು ಯಾರಾದರೂ ಒಬ್ಬರು ಹೇಳಿದರೂ ಸಾಕು, ಕಾರಣ ಕೇಳದೆ ಬಿಡಿ. ಕ್ಲೆರಿಕ್ ಎಂಬ ವರ್ಗದ ಪಾತ್ರಕ್ಕೆ ಒಬ್ಬ ದೇವರು ಬೇಕಾಗುತ್ತಾನೆ. ಅಲ್ಲಿ ನಮ್ಮ ನಿಜವಾದ ದೇವರು, ಶರಣರು, ದರ್ಗಾದ ಸಂತರು ಯಾರನ್ನೂ ತರಬೇಡಿ. ಪಾತ್ರ ಸೋಲುತ್ತದೆ, ಸುಳ್ಳು ಹೇಳುತ್ತದೆ, ಕೆಸರಿನಲ್ಲಿ ಬೀಳುತ್ತದೆ, ಆಗ ಒಬ್ಬರ ಮನಸ್ಸು ನೋಯುವುದು ಖಂಡಿತ. ಮಳೆಯ ದೇವತೆ, ದೀಪದ ದೇವರು ಎಂದು ಹೊಸದಾಗಿ ಕಟ್ಟಿಕೊಳ್ಳುವುದು ಎರಡು ನಿಮಿಷದ ಕೆಲಸ.

ಪಾತ್ರ ಕಟ್ಟುವುದು

ಎಲ್ಲರೂ ಕೂಡಿ ಹೊಸ ಪಾತ್ರ ಕಟ್ಟಲು ಕುಳಿತರೆ ಎರಡು ಗಂಟೆ ಹೋಗುತ್ತದೆ, ಆಡುವ ಉತ್ಸಾಹವೂ ಹೋಗುತ್ತದೆ. ಸಾರಥಿ ನಾಲ್ಕು ಪಾತ್ರಗಳನ್ನು ಮೊದಲೇ ಸಿದ್ಧ ಮಾಡಿ, ಹೆಸರು ಮತ್ತು ಹಿನ್ನೆಲೆಯ ಜಾಗ ಖಾಲಿ ಬಿಡಲಿ. ಫೈಟರ್, ರೋಗ್, ಕ್ಲೆರಿಕ್, ವಿಝಾರ್ಡ್ ಈ ನಾಲ್ಕು ಇದ್ದರೆ ಹೊಡೆಯುವವರು, ನುಸುಳುವವರು, ಗಾಯ ವಾಸಿ ಮಾಡುವವರು, ಮಂತ್ರ ಹಾಕುವವರು ಎಲ್ಲ ಆಯಿತು. ವಿಝಾರ್ಡ್ ಪಾತ್ರವನ್ನು ಓದಲು ಬೇಸರವಿಲ್ಲದವರಿಗೆ ಕೊಡಿ, ಅದರಲ್ಲಿ ನೆನಪಿಡಬೇಕಾದದ್ದು ಹೆಚ್ಚು.

ಒಂದನ್ನು ಕೈಯಾರೆ ಮಾಡಿ ನೋಡೋಣ. ಕೋಟೆ ಬಾಗಿಲು ಕಾಯುವ ಸಂಗಮ್ಮ, ಮನುಷ್ಯಳು, ಫೈಟರ್. ಎಲ್ಲ ಪಾತ್ರಕ್ಕೂ ಹಂಚಲು ಕೊಟ್ಟಿರುವ ಆರು ಅಂಕೆಗಳು 15, 14, 13, 12, 10, 8. ಬಲಕ್ಕೆ 15, ತಾಳಿಕೆಗೆ 14, ಚಳಕಕ್ಕೆ 13, ಎಚ್ಚರಕ್ಕೆ 12, ವರ್ಚಸ್ಸಿಗೆ 10, ಬುದ್ಧಿಗೆ 8 ಹಾಕಿದೆವು. ಮನುಷ್ಯರಿಗೆ ಎಲ್ಲದರಲ್ಲೂ ಒಂದು ಹೆಚ್ಚು. ಹೀಗಾಗಿ ಬಲ 16, ತಾಳಿಕೆ 15, ಚಳಕ 14, ಎಚ್ಚರ 13, ವರ್ಚಸ್ಸು 11, ಬುದ್ಧಿ 9.

ಆಟದಲ್ಲಿ ದಾಳಕ್ಕೆ ಕೂಡಿಸುವುದು ಈ ಅಂಕೆಗಳನ್ನಲ್ಲ, ಇವುಗಳಿಂದ ಬರುವ ಮಾಡಿಫೈಯರ್ ಅನ್ನು: ಹತ್ತು ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಕೆಳಗಿನ ಪೂರ್ಣಾಂಕ ಹಿಡಿಯಿರಿ. 16ಕ್ಕೆ +3. 15ಕ್ಕೆ ಎರಡೂವರೆ ಬರುತ್ತದೆ, +2. 9ಕ್ಕೆ ಸೊನ್ನೆ ಎಂದು ಬರೆಯುವುದು ಎಲ್ಲರೂ ಮಾಡುವ ತಪ್ಪು. ಮೈನಸ್ ಅರ್ಧದ ಕೆಳಗಿನ ಪೂರ್ಣಾಂಕ -1.

ಎಚ್‌ಪಿ: ಫೈಟರ್‌ಗೆ ಮೊದಲ ಹಂತದಲ್ಲಿ 10, ತಾಳಿಕೆಯ 2 ಸೇರಿ 12. ಎಸಿ: ಸರಪಳಿ ಕವಚಕ್ಕೆ 16, ಗುರಾಣಿಗೆ 2, ಒಟ್ಟು 18. ಕತ್ತಿ ಬೀಸುವಾಗ ದಾಳಕ್ಕೆ ಬಲದ 3, ಕಲಿತ ಕೆಲಸಕ್ಕೆ ಸಿಗುವ ಪರಿಣತಿಯ 2, ಒಟ್ಟು +5. ತಾಗಿದರೆ ಎಂಟು ಮುಖದ ದಾಳ ಹಾಕಿ ಬಂದ ಅಂಕೆಗೆ 3 ಕೂಡಿಸಿದಷ್ಟು ಪೆಟ್ಟು. ಸರಪಳಿ ಕವಚ ಝಣಝಣ ಎನ್ನುವುದರಿಂದ ಸದ್ದಿಲ್ಲದೆ ನಡೆಯುವಾಗ ಎರಡು ದಾಳ ಹಾಕಿ ಕಡಿಮೆಯದನ್ನು ಹಿಡಿಯಬೇಕು. ಇಷ್ಟು ಬರೆದರೆ ಸಂಗಮ್ಮ ಸಿದ್ಧ. ಆಡುವವರು ಸೇರಿಸಬೇಕಾದದ್ದು ಒಂದೇ ವಾಕ್ಯ: ಅವಳಿಗೆ ಏನು ಬೇಕು. ಹತ್ತು ಪುಟದ ಪೂರ್ವಕಥೆ ಬರೆದು ತಂದವರು ಮೊದಲ ಕಾಳಗದಲ್ಲೇ ಪಾತ್ರ ಸತ್ತರೆ ಅಳುತ್ತಾರೆ.

ಮೊದಲು ಮಾತು, ಆಮೇಲೆ ದಾಳ

ಸಾರಥಿಯ ಕೆಲಸದ ಮುಕ್ಕಾಲು ಪಾಲು ಎರಡೇ: ಎದುರಿಗೆ ಏನಿದೆ ಎಂದು ಮೂರು ವಾಕ್ಯದಲ್ಲಿ ಹೇಳಿ, ಏನು ಮಾಡುತ್ತೀರಿ ಎಂದು ಕೇಳುವುದು. ಅದೂ ಮನೆಯಲ್ಲಿ ಆಡುವ ಮಾತಿನಲ್ಲೇ. ಪುಸ್ತಕದ ಇಂಗ್ಲಿಷನ್ನು ಓದಿ ಹೇಳಿದರೆ ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಗಪ್ಪಾಗುತ್ತಾರೆ.

"ಬಾವಿ ಬುಡಕ್ಕ ಇಳದೀರಿ. ಮ್ಯಾಲಿಂದ ರೊಟ್ಟಿ ಅಗಲ ಬೆಳಕ ಬೀಳಲತ್ತದ, ಮುಂದ ಬರೇ ಕತ್ತಲ. ಕಾಲಾಗ ಕೆಸರ ಅದ. ಏನ್ ಮಾಡ್ತೀರಿ?"

"ನಾ ಪರ್ಸೆಪ್ಶನ್ ಹಾಕ್ತೀನಿ."

"ದಾಳ ಆಮ್ಯಾಗ. ಮೊದಲ ನಿಮ್ಮ ಸಂಗಮ್ಮ ಏನ್ ಮಾಡ್ತಾಳ ಅದು ಹೇಳ್ರಿ."

"ಪಂಜು ಹಿಂದಿನವರ ಕೈಯಾಗ ಕೊಟ್ಟು, ಗ್ವಾಡಿಗಿ ಕಿವಿ ಹಚ್ಚಿ ಕೇಳ್ತಾಳ."

"ಹಾಂ, ಈಗ ಹಾಕ್ರಿ. ಹತ್ತು ಬಂದ್ರ ಸಾಕು."

ಈ ಅದಲುಬದಲಿನಲ್ಲಿ ಆಟದ ಜೀವ ಇದೆ. ಬರೀ ಪರ್ಸೆಪ್ಶನ್, ಅಂದರೆ ಸುತ್ತಲಿನದನ್ನು ಗಮನಿಸುವ ದಾಳ, ಎಂದಷ್ಟೇ ಹೇಳಿದರೆ ಸಾರಥಿಗೆ ಹೇಳಲು ಏನೂ ಸಿಗುವುದಿಲ್ಲ. ಗೋಡೆಗೆ ಕಿವಿ ಹಚ್ಚಿದಳು ಎಂದರೆ ಕಲ್ಲಿನ ಆಚೆ ಉಗುರು ಕೆರೆಯುವ ಸದ್ದು ಕೇಳಿಸಬಹುದು. ಪಂಜು ಹಿಂದೆ ಕೊಟ್ಟಳು ಎಂಬುದೂ ಸುಮ್ಮನೆ ಅಲ್ಲ. ಪಂಜಿನ ಬೆಳಕು ಇಪ್ಪತ್ತು ಅಡಿ ಚೆನ್ನಾಗಿ, ಅದರಾಚೆ ಇಪ್ಪತ್ತು ಅಡಿ ಮಬ್ಬಾಗಿ, ಒಂದು ಗಂಟೆ ಉರಿಯುತ್ತದೆ. ಅದನ್ನು ಹಿಡಿಯಲು ಒಂದು ಕೈ ಬೇಕು. ಕತ್ತಿಯ ಜೊತೆ ಪಂಜನ್ನೂ ಸಂಗಮ್ಮನೇ ಹಿಡಿದರೆ ಗುರಾಣಿ ಬಿಡಬೇಕು, ಎಸಿ 18ರಿಂದ 16ಕ್ಕೆ ಇಳಿಯುತ್ತದೆ.

ಕೆಲಸ ಎಷ್ಟು ಕಷ್ಟ ಎಂಬುದಕ್ಕೆ ಮೂರು ಅಂಕೆ ನೆನಪಿಟ್ಟರೆ ಸಾಕು: ಸುಲಭಕ್ಕೆ 10, ಸಾಧಾರಣಕ್ಕೆ 15, ಕಷ್ಟಕ್ಕೆ 20. ಇಪ್ಪತ್ತು ಮುಖದ ದಾಳ ಹಾಕಿ, ಮಾಡಿಫೈಯರ್ ಕೂಡಿಸಿ, ಆ ಕೆಲಸ ಕಲಿತವರಾದರೆ ಪರಿಣತಿಯ 2 ಕೂಡಿಸಿ, ಆ ಅಂಕೆ ಮುಟ್ಟಿದರೆ ಆಯಿತು. +5 ಇರುವವರು 15ನ್ನು ಮುಟ್ಟುವುದು ನೂರಕ್ಕೆ 55 ಸಲ, ಅಂದರೆ ಪಳಗಿದವರೂ ಅರ್ಧಕ್ಕರ್ಧ ಸೋಲುತ್ತಾರೆ. ಆದ್ದರಿಂದ ಎಲ್ಲದಕ್ಕೂ ದಾಳ ಹಾಕಿಸಬೇಡಿ. ಬೀಗವಿಲ್ಲದ ಬಾಗಿಲು ತೆರೆಯಲು, ಇದ್ದ ಹಗ್ಗ ಕಟ್ಟಲು ದಾಳ ಬೇಡ. ಸೋತರೆ ಏನಾದರೂ ಕೆಡುತ್ತದೆ ಎನ್ನುವ ಕಡೆ ಮಾತ್ರ ಹಾಕಿಸಿ. ಇನ್ನೊಂದು ತಪ್ಪು ತಿಳಿವಳಿಕೆ: 20 ಬಿದ್ದರೆ ಏನು ಬೇಕಾದರೂ ಆಗುತ್ತದೆ ಎಂಬುದು. ಈ ನಿಯಮದಲ್ಲಿ ಅದು ಹೊಡೆತಕ್ಕೆ ಅನ್ವಯ, ಇಂಥ ಕೆಲಸಗಳಿಗಲ್ಲ. ಬರಿಗೈಯಲ್ಲಿ ಕೋಟೆ ಬುರುಜು ಎತ್ತುತ್ತೇನೆ ಎಂದವರಿಗೆ 20 ಬಿದ್ದರೂ ಬುರುಜು ಅಲ್ಲೇ ಇರುತ್ತದೆ.

ಮೊದಲ ಆಟ: ಕರೇಜ್

ಜಾಗ ಹುಡುಕಿಕೊಂಡು ಯುರೋಪಿನ ಕಾಡಿಗೆ ಹೋಗುವ ಅಗತ್ಯವಿಲ್ಲ. ಬೀದರಿನ ನೌಬಾದ್ ಕಡೆಯ ಕರೇಜ್ ಬಹಮನಿ ಕಾಲದ ನೀರಿನ ಸುರಂಗ. ಪರ್ಷಿಯಾದಿಂದ ಬಂದ ವಿದ್ಯೆ: ಎತ್ತರದ ಕಡೆ ತಾಯಿ ಬಾವಿ, ಅಲ್ಲಿಂದ ಜಂಬಿಟ್ಟಿಗೆ ಕಲ್ಲಿನಲ್ಲಿ ಸಣ್ಣ ಇಳಿಜಾರಿನಲ್ಲಿ ಕೊರೆದ ಸುರಂಗ, ದಾರಿಯುದ್ದಕ್ಕೂ ಗಾಳಿ ಬೆಳಕಿಗೆ, ಹೂಳು ತೆಗೆಯಲಿಕ್ಕೆ ಮೇಲಿನಿಂದ ಇಳಿಸಿದ ಬಾವಿಗಳು, ಕೊನೆಗೆ ನೀರು ಹೊರಬೀಳುವ ಬಾಯಿ. ಹೊಸ ಸಾರಥಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಸಿಗುವುದಿಲ್ಲ. ದಾರಿ ಒಂದೇ ಆದ್ದರಿಂದ ಆಡುವವರು ಕಳೆದುಹೋಗುವುದಿಲ್ಲ. ಆದರೆ ಯಾವ ಬಾವಿಯಿಂದ ಇಳಿಯಬೇಕು ಎಂಬ ಆಯ್ಕೆ ಇದೆ, ಎಳೆದುಕೊಂಡು ಹೋದರು ಎಂದು ಯಾರಿಗೂ ಅನ್ನಿಸುವುದಿಲ್ಲ. ಮೇಲೆ ನಿಂತು ಬಾವಿಗಳ ಸಾಲು ನೋಡಿ ಬನ್ನಿ, ಒಳಗೆ ಇಳಿಯುವ ಸಾಹಸ ಮಾತ್ರ ಫರ್ಸಿಯ ಮೇಲೇ ಇರಲಿ.

ನಿಮ್ಮ ಕಲ್ಪನೆಯ ಊರಿನಲ್ಲಿ ಇಂಥದೇ ಕರೇಜ್ ಇದೆ, ಮೂರು ದಿನದಿಂದ ನೀರು ಬಂದಿಲ್ಲ. ಇಷ್ಟೇ ಕಥೆ. ಕಾರಣ: ಗಾಬ್ಲಿನ್ ಎಂಬ ಕುಳ್ಳ ದುಷ್ಟ ಜೀವಿಗಳು ಒಳಗೆ ಸೇರಿ ಕಲ್ಲೊಡ್ಡಿ ನೀರು ತಡೆದಿವೆ. ಈ ಸಂಗತಿ ತಿಳಿಯಲು ಒಂದೇ ದಾರಿ ಇಡಬೇಡಿ. ಒಂದೇ ಸುಳಿವನ್ನು ಒಂದೇ ದಾಳದ ಹಿಂದೆ ಬಚ್ಚಿಟ್ಟು, ಅಲ್ಲಿ ಎಲ್ಲರೂ ಸೋತು, ಆಮೇಲೆ ಅರ್ಧ ಗಂಟೆ ಮುಖ ಮುಖ ನೋಡುತ್ತಾ ಕೂರುವುದು ಹೊಸ ಸಾರಥಿಯ ಖಾಯಂ ಅವಸ್ಥೆ. ಸುರಂಗದ ಬಾಯಲ್ಲಿ ಸಣ್ಣ ಬರಿಗಾಲಿನ ಗುರುತುಗಳು ಒಳಗೆ ಹೋಗಿವೆ, ಹೊರಗೆ ಬಂದಿಲ್ಲ. ಕುರಿ ಕಾಯುವ ಅಜ್ಜ ರಾತ್ರಿ ಎರಡನೇ ಬಾವಿಯಿಂದ ಕಲ್ಲು ಕುಟ್ಟುವ ಸದ್ದು ಕೇಳಿದ್ದಾನೆ. ಮೊದಲ ಬಾವಿಯ ಬುಡದಲ್ಲಿ ಮುರಿದ ಗುದ್ದಲಿ ಬಿದ್ದಿದೆ. ಮೂರರಲ್ಲಿ ಒಂದು ಸಿಕ್ಕರೂ ಆಟ ಮುಂದೆ ಹೋಗುತ್ತದೆ.

ನಕ್ಷೆ ಎಳೆಯುವಾಗ ಸುರಂಗವನ್ನು ಒಂದು ಚೌಕ ಅಗಲ ಮಾಡಿ, ಆದರೆ ಕಾಳಗವನ್ನು ಅಲ್ಲಿ ಇಡಬೇಡಿ. ಐದಡಿ ಅಗಲದ ದಾರಿಯಲ್ಲಿ ಮುಂದಿನವರು ಮಾತ್ರ ಹೊಡೆಯುತ್ತಾರೆ, ಹಿಂದಿನ ಮೂವರು ಮೊಬೈಲ್ ತೆಗೆಯುತ್ತಾರೆ. ಪ್ರತಿ ಬಾವಿಯ ಬುಡವನ್ನು ನಾಲ್ಕು ಚೌಕ ಉದ್ದ ನಾಲ್ಕು ಅಗಲಕ್ಕೆ ಹಿಗ್ಗಿಸಿ, ಹೊಡೆದಾಟ ಅಲ್ಲಿ ಆಗಲಿ.

ಬಾವಿಯ ಆಳ ಮೂವತ್ತು ಅಡಿ ಎಂದು ಇಟ್ಟರೆ ಹಗ್ಗವಿಲ್ಲದೆ ಬಿದ್ದವರಿಗೆ ಹತ್ತಡಿಗೊಂದರಂತೆ ಆರು ಮುಖದ ಮೂರು ದಾಳದಷ್ಟು ಪೆಟ್ಟು. ಎಂಟು ಎಚ್‌ಪಿಯ ವಿಝಾರ್ಡ್‌ಗೆ ಎಂಟು ಬಂದರೇ ಪ್ರಜ್ಞೆ ತಪ್ಪುತ್ತದೆ, 16 ಅಥವಾ ಹೆಚ್ಚು ಬಂದರೆ ಅಲ್ಲೇ ಸಾವು, ಏಕೆಂದರೆ ಎಚ್‌ಪಿ ಸೊನ್ನೆಯಾದ ಮೇಲೂ ಉಳಿದ ಪೆಟ್ಟು ಪೂರ್ತಿ ಎಚ್‌ಪಿಯಷ್ಟಾದರೆ ಪಾತ್ರ ಬದುಕುವುದಿಲ್ಲ. ಮೊದಲ ಆಟಕ್ಕೆ ಹತ್ತಡಿಯ ಬಾವಿ ಸಾಕು.

ಮೊದಲ ಬಾವಿಯ ಬುಡದಲ್ಲಿ ದೊಡ್ಡ ಇಲಿಗಳು ನಾಲ್ಕು. ಎರಡನೆಯದರಲ್ಲಿ ಕಾವಲಿಗೆ ಒಂದು ಗಾಬ್ಲಿನ್, ಹೊಟ್ಟೆ ಹಸಿದದ್ದು, ರೊಟ್ಟಿ ಕೊಟ್ಟರೆ ಮಾತಿಗೆ ಸಿಗುತ್ತದೆ. ಇದನ್ನು ಬಿಡಬೇಡಿ, ಹೊಡೆಯದೆಯೂ ದಾರಿ ಇದೆ ಎಂದು ಆಡುವವರಿಗೆ ತಿಳಿಯುವುದು ಇಲ್ಲೇ. ತಾಯಿ ಬಾವಿಯ ಹತ್ತಿರ ಕಲ್ಲೊಡ್ಡು, ಎರಡು ಗಾಬ್ಲಿನ್. ಒಡ್ಡು ಒಡೆದರೆ ನೀರು ನುಗ್ಗುತ್ತದೆ: ಬಲದ ಮೇಲೆ ಎಲ್ಲರೂ ದಾಳ ಹಾಕಲಿ, 12 ಮುಟ್ಟದವರು ಎರಡು ಚೌಕ ಹಿಂದಕ್ಕೆ ಕೊಚ್ಚಿಹೋಗಲಿ.

ಗಾಬ್ಲಿನ್ ನಾಲ್ಕು ಏಕೆ ಬೇಡ ಎಂದರೆ ಲೆಕ್ಕ ಇದೆ. ಒಂದು ಗಾಬ್ಲಿನ್ ಸೋಲಿಸಿದರೆ 50 ಅನುಭವದ ಅಂಕ, ನಾಲ್ಕಕ್ಕೆ 200. ವೈರಿಗಳು ಮೂರರಿಂದ ಆರು ಇದ್ದರೆ ಕಷ್ಟ ಅಳೆಯುವಾಗ ಅದನ್ನು ದುಪ್ಪಟ್ಟು ಮಾಡಬೇಕು, ಏಕೆಂದರೆ ಅವುಗಳಿಗೆ ಸಿಗುವ ಸರದಿಗಳೂ ಹೆಚ್ಚು. 400 ಆಯಿತು. ಮೊದಲ ಹಂತದ ನಾಲ್ಕು ಪಾತ್ರಗಳಿಗೆ ಪ್ರಾಣಾಂತಿಕ ಎನ್ನುವ ಮಿತಿ ತಲೆಗೆ ನೂರರಂತೆ ಸರಿಯಾಗಿ 400. ಎರಡೇ ಇದ್ದರೆ ನೂರಕ್ಕೆ ಒಂದೂವರೆ ಪಟ್ಟು, 150, ಸುಲಭದ ಸಾಲಿಗೆ ಬರುತ್ತದೆ. ನಾಲ್ಕು ಇಲಿಗಳದ್ದು ತಲಾ 25ರಂತೆ ನೂರು, ದುಪ್ಪಟ್ಟು ಮಾಡಿದರೆ 200, ಸಾಧಾರಣ.

ಕಾಳಗದ ಸರದಿ

ಹೊಡೆದಾಟ ಶುರುವಾದಾಗ ಎಲ್ಲರೂ ಇಪ್ಪತ್ತು ಮುಖದ ದಾಳ ಹಾಕಿ ಚಳಕದ ಮಾಡಿಫೈಯರ್ ಕೂಡಿಸಲಿ. ಹೆಚ್ಚು ಬಂದವರಿಂದ ಕೆಳಗೆ ಸರದಿ. ಹೆಸರುಗಳನ್ನು ಆ ಕ್ರಮದಲ್ಲಿ ಫರ್ಸಿಯ ಅಂಚಿಗೆ ಸೀಮೆಸುಣ್ಣದಲ್ಲಿ ಬರೆಯಿರಿ, ಈಗ ಯಾರದು ಎಂಬ ಪ್ರಶ್ನೆ ಬರುವುದಿಲ್ಲ.

ತನ್ನ ಸರದಿಯಲ್ಲಿ ಒಬ್ಬರು ಮೂವತ್ತು ಅಡಿ, ಅಂದರೆ ಆರು ಚೌಕ, ನಡೆಯಬಹುದು, ಒಂದು ಆ್ಯಕ್ಷನ್ ಮಾಡಬಹುದು. ಬೋನಸ್ ಆ್ಯಕ್ಷನ್ ಎಲ್ಲರಿಗೂ ಇರುವುದಿಲ್ಲ, ಪಾತ್ರದ ಯಾವುದಾದರೂ ವಿಶೇಷ ಶಕ್ತಿ ಕೊಟ್ಟರೆ ಮಾತ್ರ. ಸಂಗಮ್ಮನಿಗೆ ಒಂದಿದೆ: ಹತ್ತು ಮುಖದ ದಾಳ ಹಾಕಿ, ಒಂದು ಕೂಡಿಸಿ, ಅಷ್ಟು ಎಚ್‌ಪಿ ಮರಳಿ ಪಡೆಯಬಹುದು, ಮತ್ತೆ ಬೇಕೆಂದರೆ ಒಂದು ಗಂಟೆ ವಿಶ್ರಾಂತಿ ತೆಗೆದುಕೊಂಡ ಮೇಲೆ.

ಸಂಗಮ್ಮ ಗಾಬ್ಲಿನ್‌ಗೆ ಹೊಡೆಯುತ್ತಾಳೆ ಎನ್ನಿ. ಅದರ ಎಸಿ 15, ಎಚ್‌ಪಿ 7. ದಾಳ 11, ಐದು ಕೂಡಿಸಿ 16, ತಾಗಿತು. ಎಂಟು ಮುಖದ್ದು 4, ಮೂರು ಕೂಡಿಸಿ 7, ಗಾಬ್ಲಿನ್ ಬಿತ್ತು. ಅಂಥದೇ ಇನ್ನೊಂದು ಗಾಬ್ಲಿನ್ ತಿರುಗಿ ಹೊಡೆಯುವಾಗ +4. ಗುರಾಣಿ ಇರುವ ಸಂಗಮ್ಮನಿಗೆ ತಾಗಲು 14 ಬೇಕು, ನೂರಕ್ಕೆ 35 ಸಲ. ಗುರಾಣಿ ಬಿಟ್ಟು ಪಂಜು ಹಿಡಿದಿದ್ದರೆ 45 ಸಲ. ತಾಗಿದಾಗ ಆರು ಮುಖದ ದಾಳಕ್ಕೆ ಎರಡು ಕೂಡಿಸಿದಷ್ಟು ಪೆಟ್ಟು, ಎರಡು ಸಲ ತಾಗಿದರೆ ಬಹುಮಟ್ಟಿಗೆ ವಿಝಾರ್ಡ್ ನೆಲಕ್ಕೆ. ಹೊಡೆಯುವ ದಾಳ ಮತ್ತು ಪೆಟ್ಟಿನ ದಾಳ ಎರಡನ್ನೂ ಒಟ್ಟಿಗೇ ಪರಾತಕ್ಕೆ ಹಾಕುವ ಅಭ್ಯಾಸ ಮಾಡಿಸಿ, ಪ್ರತಿ ಸರದಿಯೂ ಅರ್ಧಕ್ಕೆ ಇಳಿಯುತ್ತದೆ.

ಎಚ್‌ಪಿ ಸೊನ್ನೆಯಾದರೆ ಸಾವಲ್ಲ, ಎಚ್ಚರ ತಪ್ಪುವುದು. ಆಮೇಲೆ ತನ್ನ ಪ್ರತಿ ಸರದಿಯಲ್ಲೂ ಬರಿ ಇಪ್ಪತ್ತು ಮುಖದ ದಾಳ: 10 ಅಥವಾ ಮೇಲೆ ಬಂದರೆ ಒಂದು ಗೆಲುವು, ಕೆಳಗೆ ಬಂದರೆ ಒಂದು ಸೋಲು. ಮೂರು ಗೆಲುವಿಗೆ ಉಸಿರು ನಿಲ್ಲುತ್ತದೆಂಬ ಭಯವಿಲ್ಲ, ಮೂರು ಸೋಲಿಗೆ ಸಾವು. 20 ಬಿದ್ದರೆ ಒಂದು ಎಚ್‌ಪಿಯೊಂದಿಗೆ ಎದ್ದು ಕೂರುತ್ತಾರೆ, 1 ಬಿದ್ದರೆ ಎರಡು ಸೋಲು. ಬಿದ್ದವರ ಆಟಗಾರರು ಸುಮ್ಮನೆ ಕೂರದಂತೆ ಆ ಹೊತ್ತಿಗೆ ಒಂದು ಗಾಬ್ಲಿನ್ ಆಡಿಸಲು ಅವರ ಕೈಗೆ ಕೊಡಿ.

ನಿಯಮ ನೆನಪಾಗದಿದ್ದರೆ ಪಿಡಿಎಫ್ ಹುಡುಕುತ್ತಾ ಹತ್ತು ನಿಮಿಷ ಕಳೆಯಬೇಡಿ. ಸಾರಥಿ ಸರಿ ಅನ್ನಿಸಿದ್ದನ್ನು ಹೇಳಲಿ, ಚೀಟಿಯಲ್ಲಿ ಬರೆದಿಡಲಿ, ಮನೆಗೆ ಹೋಗಿ ನೋಡಲಿ. ಮುಂದಿನ ಸಲದಿಂದ ಸರಿಯಾದ ನಿಯಮ, ಹಿಂದಿನದ್ದನ್ನು ತಿದ್ದಲು ಹೋಗಬೇಡಿ. ಮಂಡಕ್ಕಿ ಮಿರ್ಚಿ ಭಜಿಗೆ ನಡುವೆ ಇಪ್ಪತ್ತು ನಿಮಿಷ ಬಿಡುವು ಇರಲಿ, ಎಣ್ಣೆಗೈಯಲ್ಲಿ ದಾಳ ಮುಟ್ಟಬಾರದು ಎಂಬುದೂ ಒಂದು ನಿಯಮವಾಗಲಿ.

ನೀರು ಹರಿದ ಮೇಲೆ

ಹೊಡೆದಾಟಗಳಿಂದ ಈ ಆಟದಲ್ಲಿ ಒಬ್ಬೊಬ್ಬರಿಗೆ ಸಿಗುವ ಅಂಕ ಐವತ್ತು-ಅರವತ್ತು. ಎರಡನೇ ಹಂತಕ್ಕೆ 300 ಬೇಕು. ಅಂಕ ಎಣಿಸುತ್ತಾ ಕೂತರೆ ಐದಾರು ಭಾನುವಾರ ಹಿಡಿಯುತ್ತದೆ, ಅಷ್ಟು ಹೊತ್ತಿಗೆ ಇಬ್ಬರು ಬರುವುದು ಬಿಟ್ಟಿರುತ್ತಾರೆ. ಎಣಿಕೆ ಬಿಟ್ಟು, ಊರಿಗೆ ನೀರು ಬಂದ ದಿನವೇ ಎಲ್ಲರಿಗೂ ಎರಡನೇ ಹಂತ ಕೊಡಿ. ನಿಯಮದಲ್ಲೇ ಅದಕ್ಕೆ ಅವಕಾಶ ಇದೆ.

ಮುಂದಿನ ಆಟಕ್ಕೆ ಜಾಗಗಳಿಗೇನೂ ಬರವಿಲ್ಲ. ಬೀದರ್ ಕೋಟೆಯ ಬಂಡೆಯಲ್ಲಿ ಕೊರೆದ ಮೂರು ಸಾಲಿನ ಕಂದಕ ದಾಟುವುದೇ ಒಂದು ಸಂಜೆಯ ಆಟ. 1472ರಲ್ಲಿ ಕಟ್ಟಿದ ಮಹಮೂದ್ ಗಾವಾನ್ ಮದರಸಾದಂಥ ಒಂದು ಕಟ್ಟಡ, ಅದರ ಗ್ರಂಥಾಲಯದಿಂದ ಕಾಣೆಯಾದ ಒಂದು ಹಸ್ತಪ್ರತಿ ಎಂದರೆ ಕತ್ತಿ ಎತ್ತದೆ ಆಡುವ ಕಥೆ ಸಿಕ್ಕಿತು. ಯಾದಗಿರಿಯ ಬೆಟ್ಟದ ಕೋಟೆ ಹತ್ತಿ ನೋಡಿದವರಿಗೆ ಮೂರು ಮಜಲಿನ ಮುತ್ತಿಗೆ ಬರೆಯಲು ಬೇರೆ ನಕ್ಷೆ ಬೇಕಿಲ್ಲ. ಮೂರಕ್ಕೂ ಒಟ್ಟಿಗೆ ಕೈ ಹಾಕಬೇಡಿ, ಮುಂದಿನ ವಾರಕ್ಕೆ ಯಾವುದು ಎಂದು ಹೊರಡುವ ಮುನ್ನ ಆಡುವವರನ್ನೇ ಕೇಳಿ, ಅದೊಂದನ್ನೇ ಸಿದ್ಧ ಮಾಡಿ.

ಎಲ್ಲರೂ ಏಳುವ ಮುಂಚೆ ಯಾರ ಎಚ್‌ಪಿ ಎಷ್ಟು, ಪಂಜು ಎಷ್ಟು ಉಳಿದಿವೆ, ಆ ಹಸಿದ ಗಾಬ್ಲಿನ್‌ಗೆ ಏನು ಮಾತು ಕೊಟ್ಟಿರಿ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. ನಕ್ಷೆಯ ಫೋಟೊ ರಾತ್ರಿಯೇ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಬೆಳಿಗ್ಗೆ ನೆಲ ಒರೆಸುವವರಿಗೆ ಅದು ಕರೇಜ್ ಎಂದು ಗೊತ್ತಿರುವುದಿಲ್ಲ.